ಪೀರ್‌ಸಾಬರ ಕರೆಂಟ್ ಪ್ಲಾನು
ಇಂಗ್ಲೆಂಡಿನ ನಮ್ಮ ವಾರಿಂಗ್ಟನ್ ಕನ್ನಡಿಗರಲ್ಲಿ ಯಾರೇ ಹೊಸ ಮನೆ ಹೊಕ್ಕರೂ ಹಾಲು ಉಕ್ಕುವ ಮೊದಲೇ ಇಂಜಿನಿಯರ್ ಪೀರ್‌ಸಾಬರು ಮೀಟರಿನ ಮುಂದೆ ನಿಂತಿರುತ್ತಾರೆ. ಯಾವ ಕಂಪನಿಯ ಕರೆಂಟು ಅಗ್ಗ, ಯಾವುದರ ದರ ಏರಲಿದೆ, ಎಲ್ಲವೂ ಅವರಿಗೆ ಬಾಯಿಪಾಠ. ಬಿರಿಯಾನಿ ಬಡಿಸುವಾಗಲೂ ಅದೇ ಮಾತು: “ಅಗ್ಗ ಅಂತ ಎರಡು ವರ್ಷಕ್ಕೆ ಒಂದೇ ರೇಟ್ ಫಿಕ್ಸ್ ಮಾಡ್ಕೋಬೇಡಿ ಸಾರ್. ಮಧ್ಯದಲ್ಲಿ ಬಿಟ್ರೆ ಎಕ್ಸಿಟ್ ಫೀ ಕೀಳ್ತಾರೆ. ನಾಳೆ ಊರಿಗೆ ವಾಪಸ್ ಹೊರಟ್ರೆ?” ಆ ನಾಳೆಗಾಗಿಯೇ ಅವರು ದುಬಾರಿಯಾದರೂ ಯಾವಾಗ ಬೇಕಾದರೂ ಬಿಡಬಹುದಾದ ಪ್ಲಾನಿನಲ್ಲಿದ್ದರು. “ಇವರ ನಾಳೆ ಇಪ್ಪತ್ತು ವರ್ಷದಿಂದ ಬರ್ತಾನೇ ಇದೆ,” ಎಂದು ಹೆಂಡತಿ ಮಸರ್ರತ್ ನಗುತ್ತಿದ್ದರು. ಈ ಚಳಿಗಾಲ ಮಸರ್ರತ್ ಅವರನ್ನು ಇಲ್ಲಿನ ಖಬರಸ್ತಾನದಲ್ಲೇ ಮಣ್ಣು ಮಾಡಿದೆವು. ಮರುವಾರ ನೋಡಲು ಹೋದಾಗ ಪೀರ್‌ಸಾಬರು ಚಹಾ ಕೊಟ್ಟು, ತಾವಾಗಿಯೇ ಹೇಳಿದರು: “ಇರೋದ್ರಲ್ಲೇ ಉದ್ದದ ಪ್ಲಾನ್ ಫಿಕ್ಸ್ ಮಾಡ್ದೆ ಸಾರ್. ಎಕ್ಸಿಟ್ ಫೀ ಎಷ್ಟಾದ್ರೂ ಇರ್ಲಿ.”