ಎರಡು ದಾಟುಪಟ್ಟೆಗಳ ಬೆಳಗು

ಪುರಸಭೆಯಲ್ಲಿ ಎಲ್ಲರೂ ಅವರನ್ನು ಪಟ್ಟೆಮಾವ ಎಂದೇ ಕರೆಯುತ್ತಿದ್ದರು. ಜನ ರಸ್ತೆ ದಾಟುವ ಕಡೆಯಲ್ಲೆಲ್ಲ ಬಿಳಿ ಪಟ್ಟೆ ಬಳಿಯುವುದು ಅವರ ಕೆಲಸ. ದಾರ ಹಿಡಿದು, ಸುಣ್ಣದಲ್ಲಿ ಗುರುತು ಹಾಕಿ, ಬಗ್ಗಿ ಬಣ್ಣ ಎಳೆಯತೊಡಗಿದರೆಂದರೆ ಪಕ್ಕದಲ್ಲಿ ಸಿಡಿಲು ಬಡಿದರೂ ತಲೆ ಎತ್ತುವ ಆಸಾಮಿಯಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿರದಿದ್ದರೂ ಯಾವ ಬೀದಿಯ ಪಟ್ಟೆ ಮಾಸಿದೆಯೆಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು.

ಅವರಿಗೊಂದು ಹಟವಿತ್ತು. ಹೊಸ ಪಟ್ಟೆ ಒಣಗುವ ತನಕ ಹಳೆಯದನ್ನು ಅಳಿಸುತ್ತಿರಲಿಲ್ಲ. “ಒಂದು ಗಳಿಗೆಯಾದರೂ ಜನರಿಗೆ ದಾರಿ ಇಲ್ಲದ ಹಾಗೆ ಮಾಡಬಾರದಪ್ಪ” ಎನ್ನುತ್ತಿದ್ದರು. ಆ ಹಟದಿಂದ ಅಲ್ಲಿಯವರೆಗೆ ಯಾರಿಗೂ ಕೆಡುಕಾಗಿರಲಿಲ್ಲ.

ಆಸ್ಪತ್ರೆಯ ಬಳಿಯ ತಿರುವಿನದೇ ದೊಡ್ಡ ತಲೆನೋವು. ತಿರುವು ಮುಗಿಯುವಲ್ಲೇ ದಾಟುಪಟ್ಟೆ. ವಾಹನ ಹತ್ತಿರ ಬರುವ ತನಕ ಕಾಣುತ್ತಿರಲಿಲ್ಲ. ಪಟ್ಟೆಮಾವನ ಹೆಂಡತಿಯ ಹೊಲಿಗೆ ಅಂಗಡಿ ರಸ್ತೆಯ ಆಚೆಗಿತ್ತು. ಮಂಡಿನೋವಿನ ಹೆಂಗಸು, ದಿನವೂ ಅಲ್ಲೇ ದಾಟಬೇಕು. ಆಕೆ ಮನೆ ಬಿಟ್ಟರೆ ಇವರ ಜೀವ ಅರ್ಧ ಅಲ್ಲೇ ಇರುತ್ತಿತ್ತು.

ಕೊನೆಗೆ ಪುರಸಭೆಯವರು ಎಲ್ಲರನ್ನೂ ಸೇರಿಸಿದರು. ಆಸ್ಪತ್ರೆಯ ಹಿರಿಯ ನರ್ಸು ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದರು: “ಆ ತಿರುವಿನಲ್ಲಿ ಏಟು ತಿಂದವರಿಗೇ ಒಂದು ವಾರ್ಡು ಬಿಟ್ಟುಕೊಟ್ಟಿದ್ದೀವಿ. ಇನ್ನೊಂದು ಕಟ್ಟಿಸ್ತೀರೋ, ರಸ್ತೆ ಸರಿಮಾಡ್ತೀರೋ?” ಅದರ ಮೇಲೆ ಕೆಲಸ ಹಂಚಿಕೆಯಾಯಿತು. ಪುರಸಭೆಯ ಎಂಜಿನಿಯರು ತಿರುವಿಗೆ ಮೊದಲೇ ವಾಹನದ ವೇಗ ತಗ್ಗಿಸಲು ಒಂದು ಹಂಪು ಹಾಕಿಸಿದರು. ದಾಟುಪಟ್ಟೆಯನ್ನು ತಿರುವಿನಿಂದ ಸ್ವಲ್ಪ ದೂರದ ನೇರ ರಸ್ತೆಗೆ ಸರಿಸುವುದೆಂದು, ಅಲ್ಲಿ ದಾಟುವವರು ಅರ್ಧದಲ್ಲಿ ನಿಲ್ಲಲು ಒಂದು ಕಟ್ಟೆ ಕಟ್ಟಿಸಿದರು. ಸೋಮವಾರದಿಂದ ದಾಟುವವರಿಗಾಗಿ ಹೊಸ ಜಾಗದಲ್ಲಿ ಮಾತ್ರ ಬಸ್ಸು ನಿಲ್ಲಿಸಬೇಕೆಂದು ಡಿಪೋದವರು ಚಾಲಕರಿಗೆ ತಿಳಿಸಿದರು. ಅಲ್ಲಿ ನಿಲ್ಲಲು ಪೊಲೀಸಮ್ಮನೊಬ್ಬರು ಬಂದರು. ಎಂಜಿನಿಯರು ಪಟ್ಟೆಮಾವನಿಗೆ, “ಅಲ್ಲಿ ಹೊಸದು ಬಳಿದು, ಭಾನುವಾರವೇ ಹಳೇ ಪಟ್ಟೆ ಅಳಿಸಿಬಿಡಿ ಮಾವ, ಮರೀಬೇಡಿ” ಎಂದರು.

ಮರೆಯಲೇನೂ ಇಲ್ಲ. ಆದರೆ ಭಾನುವಾರ ಮೋಡ ಮುಸುಕಿ ಹೊಸ ಬಣ್ಣ ಕೈಗೆ ಅಂಟುತ್ತಲೇ ಇತ್ತು. “ಒಣಗಲಿ, ನಾಳೆ ಬೆಳಿಗ್ಗೆ ಹಳೆಯದಕ್ಕೆ ಕರಿ ಬಳಿದರಾಯಿತು” ಎಂದುಕೊಂಡು ಮನೆಗೆ ಬಂದರು.

ಬೆಳಿಗ್ಗೆ ಕರಿ ಬಣ್ಣದ ಡಬ್ಬಿ ಹಿಡಿದು ರಸ್ತೆಗೆ ಬಂದವರು ನಿಂತಲ್ಲೇ ಕಲ್ಲಾದರು. ಹಳೆಯ ಪಟ್ಟೆಯ ನಟ್ಟನಡುವೆ ಹೆಂಡತಿ, ಕೈಯಲ್ಲಿ ಬಟ್ಟೆಯ ಚೀಲ, ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಾಳೆ. ತಿರುವಿನಾಚೆ ಬಸ್ಸಿನ ಸದ್ದು. ಇಲ್ಲಿ ನಿಲ್ಲಿಸುವ ಯೋಚನೆ ಈಗ ಯಾವ ಚಾಲಕನಿಗೂ ಇರುವುದಿಲ್ಲ. ಕೂಗಲು ಬಾಯಿ ತೆರೆದರು, ಸ್ವರ ಹೊರಡಲಿಲ್ಲ.

ಬಸ್ಸು ಹಂಪಿನ ಮೇಲೆ ದಡಕ್ಕನೆ ಏರಿ ಇಳಿದು, ತೆವಳುತ್ತ ತಿರುಗಿತು. ಬ್ರೇಕು ಕಿರುಗುಟ್ಟಿತು. ಆಕೆಗೂ ಬಸ್ಸಿಗೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ ಉಳಿದಿತ್ತು.

ಬಸ್ಸು ಓಡಿಸುತ್ತಿದ್ದ ಹುಡುಗಿ ಕಿಟಕಿಯಿಂದ ತಲೆ ಹಾಕಿದಳು. “ಅಮ್ಮಾ, ಇವತ್ತಿಂದ ಆ ಕಡೆ ದಾಟಬೇಕು! ಯಾರೂ ಹೇಳಿಲ್ವಾ?”

“ಪಟ್ಟೆ ಇಲ್ಲಿದೆಯಲ್ಲಮ್ಮ!” ಎಂದಳು ಆಕೆ. ಗಂಡ ಕಣ್ಣಿಗೆ ಬಿದ್ದರು. “ಬಳಿದವರು ಅಗೋ, ಡಬ್ಬಿ ಹಿಡ್ಕೊಂಡು ನಿಂತಿದ್ದಾರೆ. ಅವರನ್ನೇ ಕೇಳು.”

ಪಟ್ಟೆಮಾವ ಓಡಿ ಬಂದು ಆಕೆಯ ಕೈ ಹಿಡಿದು ಪಕ್ಕಕ್ಕೆ ಕರೆತಂದರು.

“ಹೊಸಾದು ಅಲ್ಲಿ ಹಾಕಿದ್ದೀನಿ ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳಲಿಲ್ವೇನೇ?”

“ಊಟಕ್ಕೆ ಕೂತಾಗ ನೀವು ಹೇಳೋದೆಲ್ಲ ಕೇಳಿದ್ರೆ ನನಗೆ ಅನ್ನ ಇಳಿಯುತ್ತಾ? ಬಿಳಿ ಇದ್ದ ಕಡೆ ನಡಿ ಅಂತ ಮದುವೆಯಾದಾಗಿನಿಂದ ಹೇಳಿದ್ದು ನೀವೇ ತಾನೇ? ನಡೆದೆ.”

ಪಟ್ಟೆಮಾವ ಹಳೆಯ ಪಟ್ಟೆಯತ್ತ ತಿರುಗಿ ನೋಡಿದರು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿ ಮುಗಿಸಿದ್ದರು, ಉಳಿದದ್ದು ತಮ್ಮದೊಂದೇ. ದಾರಿ ಇಲ್ಲದಂತಾಗಬಾರದೆಂದು ಉಳಿಸಿದ ಪಟ್ಟೆ ಸುಳ್ಳು ದಾರಿ ತೋರಿಸಿತ್ತು.

ಹೊಸ ಪಟ್ಟೆಯ ಕಡೆಯಿಂದ ಓಡಿ ಬಂದ ಪೊಲೀಸಮ್ಮ ಸೀಟಿ ಊದಿ ವಾಹನಗಳನ್ನು ತಡೆದರು. ಪಟ್ಟೆಮಾವ ಮಂಡಿಯೂರಿ ಕರಿ ಬಣ್ಣ ಬಳಿದರು. ತಮ್ಮ ಕೈಯಾರೆ ಎಳೆದ ಗೆರೆಗಳು ಒಂದೊಂದಾಗಿ ಮರೆಯಾದಂತೆ ಎದೆಯ ಮೇಲಿನ ಭಾರವೂ ಇಳಿಯುತ್ತ ಬಂತು. ಸುದ್ದಿ ಕೇಳಿ ಬಂದ ಎಂಜಿನಿಯರು ಬೈಯಬೇಕೆಂದಿದ್ದರೇನೋ; ಅವರ ಮುಖ ನೋಡಿ, “ಹಂಪು ಇತ್ತು, ಬದುಕಿದೆವು ಮಾವ” ಎಂದಷ್ಟೇ ಹೇಳಿದರು.

ಸಂಜೆ ಅಂಗಡಿ ಮುಚ್ಚಿ ಹೆಂಡತಿ ಹೊಸ ಪಟ್ಟೆಯ ಮೇಲೆ ಬಂದಳು. ಈಚೆ ಬದಿಯಲ್ಲಿ ಪಟ್ಟೆಮಾವ ಕಾಯುತ್ತಿದ್ದರು. ಅರ್ಧ ದಾಟಿ, ಕಟ್ಟೆಯ ಮೇಲೆ ನಿಂತು, ಆಕೆ ಚೀಲ ಕೆಳಗಿಟ್ಟು ಸುಧಾರಿಸಿಕೊಂಡಳು. ಈಚೆ ಬರುವ ಆತುರವೇ ಕಾಣಲಿಲ್ಲ.

“ಏನೇ, ಅಲ್ಲೇ ಮನೆ ಮಾಡ್ತೀಯಾ?” ಎಂದು ಕೂಗಿದರು. ಈ ಸಲ ಸ್ವರ ಸಲೀಸಾಗಿ ಹೊರಟಿತು.

“ಚೆನ್ನಾಗಿದೆ ರೀ! ಕೂರೋಕೂ ಒಂದು ಕಲ್ಲು ಹಾಕಿಸಿ ಅಂತ ನಿಮ್ಮ ಎಂಜಿನಿಯರಿಗೆ ಹೇಳಿ!”

ಎರಡೂ ಕಡೆಯ ವಾಹನಗಳು ನಿಂತವು. ಆಕೆ ಚೀಲ ಎತ್ತಿಕೊಂಡು, ಯಾರಿಗೂ ಅವಸರವಿಲ್ಲವೆಂಬಂತೆ ಉಳಿದರ್ಧ ದಾಟಿ ಬಂದಳು.