ವೈನಿ ಹೊಂದಿಸಿಕೊಟ್ಟ ದನಿ

ವೈನಿಯ ಎಡಗೈ ಕಿರುಬೆರಳು ಅರ್ಧಕ್ಕೆ ಮಡಿಚಿಕೊಂಡೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಆಳಂದದ ತವರುಮನೆಯಲ್ಲಿ ಬೀಸುಕಲ್ಲಿಗೆ ಸಿಕ್ಕಿ ನಜ್ಜಿದ ಬೆರಳಂತೆ. ಮೂಳೆ ಕೂಡಿತು, ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಅಂಥ ಕೈಯಲ್ಲೇ ಅವರು ಟೈಪಿಂಗ್ ಕಲಿತರು, ಆಮೇಲೆ ಊರಿಗೇ ಕಲಿಸಿದರು. ಕಿರುಬೆರಳಿನ ಕೆಲಸವನ್ನು ಪಕ್ಕದ ಬೆರಳು ಹೊತ್ತುಕೊಂಡಿದ್ದರಿಂದ ಅವರ ಟೈಪಿನ ಸಪ್ಪಳದಲ್ಲಿ ನಡುನಡುವೆ ಒಂದು ಸಣ್ಣ ತಡೆ ಇರುತ್ತಿತ್ತು. ನಾಲ್ಕು ಜನ ಒಟ್ಟಿಗೆ ಕೂತು ಟೈಪ್ ಮಾಡುತ್ತಿದ್ದರೂ ಅವರಲ್ಲಿ ವೈನಿ ಯಾರೆಂದು ನಾನು ಒಳಗಿನ ಕೋಣೆಯಿಂದಲೇ ಹೇಳುತ್ತಿದ್ದೆ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಬಸ್ ಕಂಡಕ್ಟರ್. ಬೆಳಕು ಹರಿಯುವ ಮೊದಲೇ ಹೋದರೆ ಸಂಜೆಗೇ ಬರುತ್ತಿದ್ದ. ಜೇವರ್ಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅದರ ಮುಂದಿನ ಕೋಣೆಯಲ್ಲಿ ವೈನಿಯ ಟೈಪಿಂಗ್ ಕ್ಲಾಸು. ನಾನು ಕೊಳಕೂರ ಶಾಲೆಯಲ್ಲಿ ಕನ್ನಡ ಕಲಿಸುವ ಟೀಚರ್. ಮದುವೆಯಾಗಲಿಲ್ಲ, ಅವ್ವನ ಜೊತೆ ಅಣ್ಣನ ಮನೆಯಲ್ಲೇ ಉಳಿದೆ.

ವೈನಿಗೆ ರೊಟ್ಟಿ ಬಡಿಯಲು ಕೊನೆಯವರೆಗೂ ಬರಲಿಲ್ಲ. ಅವರ ರೊಟ್ಟಿಯ ಅಂಚು ಹರಿದು ನಕಾಶೆಯ ಹಾಗಿರುತ್ತಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ ಏನೂ ಅನ್ನದೆ ಬುಟ್ಟಿಗೆ ಹಾಕುತ್ತಿದ್ದಳು. ಅದು ಬೈದದ್ದಕ್ಕಿಂತ ಹೆಚ್ಚು. ಸಿಟ್ಟು ಮಾತ್ರ ವೈನಿಗೆ ಥಟ್ಟನೆ ಬರುತ್ತಿತ್ತು. ಬಂದು ಹೋದ ಮೇಲೆ ತಪ್ಪಾಯಿತು ಅನ್ನುವ ರೂಢಿ ಇರಲಿಲ್ಲ; ಶುಂಠಿ ಜಾಸ್ತಿ ಹಾಕಿದ ಚಹಾ ತಂದು ಮುಂದೆ ಇಡುತ್ತಿದ್ದರು. ಆ ಚಹಾದ ಖಾರದ ಮೇಲೆ ಅವರಿಗೆ ಎಷ್ಟು ಬೇಜಾರಾಗಿದೆ ಎಂದು ತಿಳಿಯುತ್ತಿತ್ತು.

ಕ್ಲಾಸಿಗೆ ಬರುವವರು ತರುತ್ತಿದ್ದ ಪೆನ್‌ಡ್ರೈವ್‌ಗಳಿಂದ ಕಂಪ್ಯೂಟರುಗಳಿಗೆ ವೈರಸ್ ಹತ್ತಿ ಹತ್ತಿ ಒಂದು ದಿನ ಎಲ್ಲವೂ ಒಮ್ಮೆಗೇ ಮಲಗಿದವು. ವೈನಿ ಕಲಬುರಗಿಗೆ ಹೋಗಿ, ಕಾಲೇಜೊಂದರ ಮೇಷ್ಟ್ರನ್ನು ಹಿಡಿದು, ಲಿನಕ್ಸ್ ಕಲಿತು ಬಂದರು. ಅದು ಯಾರು ಬೇಕಾದರೂ ತೆಗೆದುಕೊಂಡು, ತಮಗೆ ಬೇಕಾದ ಹಾಗೆ ತಿದ್ದಿಕೊಂಡು ಬಳಸಬಹುದಾದ, ವೈರಸ್ ಸುಲಭಕ್ಕೆ ಹತ್ತದ, ಕಂಪ್ಯೂಟರ್ ನಡೆಸುವ ವ್ಯವಸ್ಥೆ. ತಿದ್ದಿಕೊಳ್ಳಬಹುದು ಅನ್ನುವುದೇ ವೈನಿಗೆ ಹಿಡಿಸಿತು. ಆಗಿನಿಂದ ಅವರ ಬಾಯಲ್ಲಿ ಒಂದೇ ಮಾತು: "ಹಾಕೋದು ಏನ್ ದೊಡ್ಡದು, ಅರ್ಧ ತಾಸಿನ ಕೆಲಸ. ಹಾಕಿದ ಮ್ಯಾಲ ಮನಷ್ಯಾಗ ಹೊಂದೂ ಹಂಗ ಮಾಡೋದು ಖರೇ ಕೆಲಸ."

ಕ್ಲಾಸಿನ ಒಂದೊಂದು ಕಂಪ್ಯೂಟರನ್ನೂ ಅವರು ಹಾಗೆಯೇ ಹೊಂದಿಸುತ್ತಿದ್ದರು. ಎಡಗೈ ಬಳಸುವ ಹುಡುಗಿಗೆ ಮೌಸಿನ ಗುಂಡಿ ತಿರುಗಿಸಿಟ್ಟರು. ನಿವೃತ್ತಿಯ ಹತ್ತಿರ ಬಂದಿದ್ದ, ಊರಿನ ಜಮೀನಿನ ಲೆಕ್ಕ ನೋಡುವ ತಲಾಟಿ ಒಬ್ಬರಿಗೆ ಅಕ್ಷರ ದೊಡ್ಡದು ಮಾಡಿದರು. ಕನ್ನಡದ ಫಾಂಟು ಹಾಕಿದ ಕೂಡಲೇ "ಸ್ತ್ರೀ, ರಾಷ್ಟ್ರ, ಅರ್ಘ್ಯ" ಎಂದು ಟೈಪ್ ಮಾಡಿ, ಒತ್ತಕ್ಷರ ಒಡೆಯಲಿಲ್ಲ ಎಂದು ಕಂಡ ಮೇಲೆಯೇ ಎದ್ದೇಳುತ್ತಿದ್ದರು. ಯಾರೇ ಬರಲಿ, ಮೊದಲ ಪ್ರಶ್ನೆ ಒಂದೇ: "ನಿಮಗ ಹ್ಯಾಂಗ ಬೇಕ್ರಿ?"

ನನಗೆ ಚಿಕ್ಕಂದಿನಿಂದಲೂ ಇರುಳುಗಣ್ಣು. ಕತ್ತಲಾದರೆ ಗೋಡೆ ಹಿಡಿದು ನಡೆಯುತ್ತಿದ್ದೆ. ನೌಕರಿ ಸೇರಿ ಕೆಲವು ವರ್ಷಗಳಾದ ಮೇಲೆ ಹಗಲೂ ಕಿರಿದಾಗತೊಡಗಿತು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಇಲ್ಲ. ಆಮೇಲೆ ಎದುರಿನದೂ ಮಸುಕಾಯಿತು. ಹೋದ ನೋಟ ಮರಳುವುದಿಲ್ಲ ಎಂದು ಸೊಲ್ಲಾಪುರದ ಡಾಕ್ಟರು ಮೆತ್ತಗೆ ಹೇಳಿದರು. ಪಾಠ ಮಾಡಲು ತೊಂದರೆಯಿರಲಿಲ್ಲ. ಪದ್ಯಗಳು ಬಾಯಿಪಾಠ ಇದ್ದವು, ಗದ್ಯವನ್ನು ಮಕ್ಕಳು ಓದುತ್ತಿದ್ದರು. ಆದರೆ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಇಲಾಖೆಗೆ ಕಳಿಸುವ ಮಾಹಿತಿ ಎಲ್ಲವೂ ಜೊತೆಯ ಟೀಚರುಗಳ ಮೇಲೆ ಬಿದ್ದವು. ಅವರು ಗೊಣಗಲಿಲ್ಲ. ಹೆಡ್‌ಮಾಸ್ತರರೂ ಒಳ್ಳೆಯವರು, ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನದೆ ನನ್ನ ಕೆಲಸ ಮಾಡಿಕೊಡುತ್ತಿದ್ದದ್ದೇ ನನಗೆ ತಡೆಯದಾಯಿತು.

ಒಂದು ಭಾನುವಾರ ವೈನಿಯ ಪಕ್ಕ ಕೂತು, ಒಂದು ಪತ್ರ ಟೈಪ್ ಮಾಡಿಕೊಡಿ ಎಂದೆ. ಹೇಳು ಅಂದರು. 'ಮಾನ್ಯರೇ' ಆಯಿತು. 'ನನ್ನ ಹುದ್ದೆಗೆ ರಾಜೀನಾಮೆ' ಎನ್ನುವಾಗ ಸಪ್ಪಳ ನಿಂತಿತು.

"ನಾ ಟೈಪ್ ಮಾಡಂಗಿಲ್ಲ," ಅಂದರು ವೈನಿ.

"ಯಾಕ್ರಿ ವೈನಿ?"

"ನಿನ್ನ ರಾಜೀನಾಮೆ ನೀನ ಟೈಪ್ ಮಾಡು. ನಿನಗ ಟೈಪ್ ಮಾಡಾಕ ಬಂದ ದಿನ ಕೊಡು, ನಾ ಬ್ಯಾಡ ಅನ್ನಂಗಿಲ್ಲ."

ನನಗೆ ಅಳು ಬಂತು. ಕಣ್ಣಿಲ್ಲದವಳಿಗೆ ಹೀಗಂದರಲ್ಲ ಎಂದು ಒಳಗೆ ಹೋಗಿ ಮಲಗಿಬಿಟ್ಟೆ. ಸ್ವಲ್ಪ ಹೊತ್ತಿಗೆ ತಲೆದೆಸೆಯಲ್ಲಿ ಚಹಾದ ಲೋಟ ಇಟ್ಟ ಸದ್ದಾಯಿತು. ಗಂಟಲು ಸುಡುವಷ್ಟು ಶುಂಠಿ.

ದಸರೆಯ ರಜೆಯಲ್ಲಿ ಕ್ಲಾಸಿಗೆ ಬೀಗ ಹಾಕಿ, ವೈನಿ ಒಂದು ಹಳೆಯ ಕಂಪ್ಯೂಟರಿಗೆ ಹೊಸದಾಗಿ ಲಿನಕ್ಸ್ ಹಾಕಿದರು. ಅದರೊಳಗೇ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೂ ಇರುತ್ತದಂತೆ. ಅದನ್ನು ಎಬ್ಬಿಸಿ ನನಗೆ ಕೊಟ್ಟಿದ್ದರೆ ಆಗುತ್ತಿತ್ತು. ವೈನಿ ಹಾಗೆ ಮಾಡಲಿಲ್ಲ. ಪರದೆಯನ್ನು ಆರಿಸಿ, ಅದರ ಮುಖವನ್ನು ಗೋಡೆಗೆ ತಿರುಗಿಸಿಟ್ಟು, ತಾವೇ ಅದರ ಮುಂದೆ ಕೂತರು. ರಜೆ ಮುಗಿಯುವವರೆಗೂ ಹಾಗೇ ಕೂತರು. ದನಿ ಬೇರೆ ಯಾವುದೋ ಸ್ಪೀಕರಿಗೆ ಹೋಗಿ ಯಂತ್ರ ಮೂಕವಾಗುತ್ತಿತ್ತು. ಸ್ವಲ್ಪ ಸುಮ್ಮನಿದ್ದರೆ ತಾನೇ ಬೀಗ ಹಾಕಿಕೊಂಡು ಪಾಸ್‌ವರ್ಡ್ ಕೇಳುತ್ತಿತ್ತು, ಕೇಳುತ್ತಿದ್ದೇನೆ ಎಂದು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲಿಂದಲೋ ಅಪ್‌ಡೇಟ್ ಕಿಟಕಿ ತೆರೆದು, ಟೈಪ್ ಮಾಡಿದ್ದೆಲ್ಲ ಅದರೊಳಗೆ ಬೀಳುತ್ತಿತ್ತು. ಒಂದೊಂದಕ್ಕೂ ಅವರು ಯಂತ್ರವನ್ನು ಬೈಯುತ್ತಿದ್ದರು, "ಯಾಕ್ ಮುನಿಸ್ಕೊಂಡಿ ಬೇ" ಅನ್ನುತ್ತಿದ್ದರು, ಮತ್ತೆ ಸರಿಮಾಡುತ್ತಿದ್ದರು.

ಅವ್ವ ಬಾಗಿಲಲ್ಲಿ ನಿಂತು, ಕಣ್ಣು ಇದ್ದೂ ಹೀಗೇಕೆ ಕೂತಿದ್ದೀ ಎಂದು ಕೇಳಿದಳು.

"ಅಕಿ ಎಲ್ಲೆಲ್ಲಿ ಎಡವ್ತಾಳ ಅಂತ ಮೊದ್ಲ ನನಗ ಗೊತ್ತಾಗಬೇಕಲ್ರಿ ಅತ್ತಿ," ಅಂದರು ವೈನಿ.

ಆ ದಿನ ಅವ್ವ ತಾನೇ ಎಲ್ಲ ರೊಟ್ಟಿ ಬಡಿದಳು. ಮುಂದೆ ಎಂದೂ ವೈನಿಯನ್ನು ಆ ಕೆಲಸಕ್ಕೆ ಕರೆಯಲಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಕೀಲಿಗಳ ಗುರುತಿಗೆ ಮೊದಲು ಹಣೆಗೆ ಹಚ್ಚುವ ಟಿಕಳಿ ಅಂಟಿಸಿದ್ದರು, ಅವು ಬೆವರಿಗೆ ಉದುರಿದವು. ಆಮೇಲೆ ನೇಲ್ ಪಾಲಿಶಿನ ದಪ್ಪ ಹನಿ ಬಿಟ್ಟು ಒಣಗಿಸಿದರು. ಯಂತ್ರದ ಕನ್ನಡ ನೆಗಡಿ ಹತ್ತಿದವರ ಮಾತಿನಂತಿತ್ತು. ಇದು ಯಾವ ಊರಿನವರ ಕನ್ನಡ ಎಂದು ಅವ್ವ ಕೇಳಿದಳು. ವೈನಿ ಅದರ ವೇಗ ಇಳಿಸಿದರು, ದನಿ ತಗ್ಗಿಸಿದರು, ಹೇಗೆ ಬೇಕು ಎಂದು ಕೇಳುತ್ತ ಮತ್ತೆ ಸ್ವಲ್ಪ ಏರಿಸಿದರು. ನನಗೆ ಹೇಗೆ ಬೇಕು ಎಂದು ನನಗೇ ಗೊತ್ತಿರಲಿಲ್ಲ. ಗೊತ್ತಾಗುವವರೆಗೂ ಅವರು ಕಾದರು.

ದಿನಾ ಬೆಳಿಗ್ಗೆ, ಕ್ಲಾಸಿಗೆ ಜನ ಬರುವ ಮೊದಲು ನನ್ನ ಪಾಠ. ಅಕ್ಷರ ತಪ್ಪಿದರೆ ಕೈ ಹಿಡಿದು ತೋರಿಸುತ್ತಿರಲಿಲ್ಲ, ತಪ್ಪಿತು ಎಂದು ಯಂತ್ರವೇ ಹೇಳುತ್ತದೆ, ಕೇಳಿಸಿಕೋ ಅನ್ನುತ್ತಿದ್ದರು. ನಾನು ಸರಿಯಾಗಿ ಬರೆದ ಮೊದಲ ವಾಕ್ಯ 'ನಾಳೆ ಶಾಲೆ ಇದೆ' ಎಂಬುದು. ಯಂತ್ರ ಅದನ್ನು ಓದಿ ಹೇಳಿತು. ವೈನಿ ಪಕ್ಕದಲ್ಲಿ ಕೆಮ್ಮಿ, "ಈಗ ರಾಜೀನಾಮೆ ಬರೀತಿ ಏನ್?" ಅಂದರು. ಬಹಳ ದಿನಗಳ ಮೇಲೆ ನಾನು ಬಾಯ್ತುಂಬ ನಕ್ಕೆ.

ಡಿಸೆಂಬರಿನ ಕಿರುಪರೀಕ್ಷೆ ಬಂತು. ಕನ್ನಡದ ಪ್ರಶ್ನೆಪತ್ರಿಕೆ ನಾನೇ ಮಾಡುತ್ತೇನೆ ಎಂದು ಹೆಡ್‌ಮಾಸ್ತರರಿಗೆ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಕೊಡಬೇಕು. ಅದೇ ಹೊತ್ತಿಗೆ ತಮ್ಮ ತಾಯಿ ಬಿದ್ದು ತೊಡೆಯ ಮೂಳೆ ಮುರಿದಿದೆ ಎಂದು ತಿಳಿದು ವೈನಿ ಆಳಂದಕ್ಕೆ ಹೋಗಿದ್ದರು. ಮಧ್ಯಾಹ್ನ ಟೈಪ್ ಮಾಡಲು ಕೂತೆ. ಅರ್ಧ ಪತ್ರಿಕೆ ಆಗಿತ್ತು. ಅಪ್‌ಡೇಟ್ ಆಗಿದೆ, ಒಮ್ಮೆ ಆರಿಸಿ ಹಚ್ಚಬೇಕು ಎಂದು ಯಂತ್ರ ಹೇಳಿತು. ಬರೆದದ್ದನ್ನು ಉಳಿಸಿ, ಆರಿಸಿ ಹಚ್ಚಿದೆ. ಫ್ಯಾನಿನ ಸದ್ದು ಬಂತು. ಮಾತು ಬರಲಿಲ್ಲ. ಕಾದೆ, ಬರಲಿಲ್ಲ. ಕಣ್ಣು ಹೋದಾಗ ಅದು ಇಷ್ಟಿಷ್ಟೇ ಹೋಗಿತ್ತು. ಇದು ಒಮ್ಮೆಗೇ ಹೋಯಿತು. ನನ್ನ ಸುತ್ತ ಯಾರೋ ಎರಡನೆಯ ಸಲ ದೀಪ ಆರಿಸಿದಂತಾಯಿತು.

ವೈನಿಗೆ ಫೋನ್ ಹಚ್ಚಿದೆ. ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು. ನನ್ನ ದನಿ ಕೇಳಿಯೇ ಅವರಿಗೆ ತಿಳಿಯಿತು.

"ಅಳಬ್ಯಾಡ. ಮೊದ್ಲ ಕೈ ಕೀಬೋರ್ಡಿನ ಮ್ಯಾಲ ಇಡು. ಹನಿ ಸಿಕ್ಕೂ?"

"ಸಿಕ್ಕೂರಿ."

ಯಾವ ಮೂರು ಕೀಲಿ ಒಟ್ಟಿಗೆ ಒತ್ತಬೇಕು ಎಂದು ಹೇಳಿದರು. ಈಗ ಒಂದು ಕಿಟಕಿ ತೆರೆದಿರುತ್ತದೆ, ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಮಾತು' ಎಂದು ಟೈಪ್ ಮಾಡಿ ಎಂಟರ್ ಒತ್ತು ಅಂದರು. ನಿಂತುಹೋದ ದನಿಯನ್ನೂ ಓದುವ ತಂತ್ರಾಂಶವನ್ನೂ ಮತ್ತೆ ಎಬ್ಬಿಸುವ ಹಾಗೆ ಆ ಪದಕ್ಕೆ ಅವರು ದಸರೆಯ ರಜೆಯಲ್ಲೇ ಕೆಲಸ ಕಟ್ಟಿಟ್ಟಿದ್ದರು. ಇಂಥ ದಿನ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

"ವೈನಿ, ಸರಿ ಬಿತ್ತೋ ಇಲ್ಲೋ ನನಗ ಕೇಳಂಗಿಲ್ಲಲ್ರಿ."

"ನಿನಗ ಕೇಳದಿದ್ರೂ ಬೆರಳಿಗೆ ಗೊತ್ತದ. ಹೊಡಿ."

ಹೊಡೆದೆ. ಎಂಟರ್ ಒತ್ತಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆ ನೆಗಡಿಯ ದನಿ ನನ್ನ ಮುಂದಿನ ಕಿಟಕಿಯ ಹೆಸರು ಹೇಳಿತು. ಬಂತು ಎಂದು ಫೋನಿಗೆ ಹೇಳುವಷ್ಟರಲ್ಲಿ ಡಾಕ್ಟರು ಬಂದರೆಂದು ವೈನಿ ಇಟ್ಟುಬಿಟ್ಟಿದ್ದರು. ನಾನೊಬ್ಬಳೇ ಕೂತು ಮನಸ್ಸು ತುಂಬಿ ಅತ್ತೆ. ಆಮೇಲೆ ಉಳಿದ ಪ್ರಶ್ನೆಗಳನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದೆ.

ಮರುದಿನ ಹೆಡ್‌ಮಾಸ್ತರರು ಪತ್ರಿಕೆ ಹಿಡಿದು ಬಹಳ ಹೊತ್ತು ಓದಿದರು. ಕಾಗದ ತಿರುಗಿಸಿದ ಸದ್ದು ಎರಡು ಸಲ ಕೇಳಿತು. "ಒತ್ತಕ್ಷರ ಎಲ್ಲಾ ಸರಿ ಬಂದಾವ್ರಿ ಟೀಚರ್," ಅಂದರು. "ವಾರ್ಷಿಕ ಪರೀಕ್ಷಾದ್ದೂ ನೀವೇ ಮಾಡ್ರಿ." ನಾನು ಇಂದಿಗೂ ಅದೇ ಶಾಲೆಯಲ್ಲಿದ್ದೇನೆ.

ಕೆಲವು ವರ್ಷಗಳ ಮೇಲೆ ವೈನಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಸೊಲ್ಲಾಪುರಕ್ಕೆ ಹೋಗಿ ಬರುವುದು ನಡೆಯಿತು, ಆಮೇಲೆ ಅದೂ ನಿಂತಿತು. ಕ್ಲಾಸು ಮುಚ್ಚಿದ ಮುಂದಿನ ಕೋಣೆಯಲ್ಲೇ ಅವರಿಗೆ ಮಂಚ ಹಾಕಿದೆವು. ಶಾಲೆಯಿಂದ ಬಂದು ನಾನು ಕೆಲಸ ಮಾಡುತ್ತಿದ್ದರೆ ಅವರು ಮಲಗಿದಲ್ಲೇ ಯಂತ್ರದ ಮಾತು ಕೇಳುತ್ತಿದ್ದರು. ಇಲಾಖೆಯ ಸುತ್ತೋಲೆಗಳಲ್ಲಿ ಊರ ಹೆಸರುಗಳು ಇಂಗ್ಲಿಷಿನಲ್ಲಿ ಇರುತ್ತವೆ. ಯಂತ್ರ ಅವನ್ನು ಹೇಗೆ ಹೇಗೋ ಓದುತ್ತಿತ್ತು. ಕೊಳಕೂರ ಎಂಬುದು ಬಾಯಲ್ಲಿ ಅಡಿಕೆ ಇಟ್ಟುಕೊಂಡ ಸಾಹೇಬರ ಮಾತಾಗಿ ಬರುತ್ತಿತ್ತು. ನನಗೆ ರೂಢಿಯಾಗಿತ್ತು. ವೈನಿಗೆ ಆಗಲಿಲ್ಲ.

"ಊರಿನ ಹೆಸರ ಕೆಡಿಸಾಕತ್ತದ ಇದು. ತಿದ್ದು ಅದನ್ನ."

ಯಾವ ಪದವನ್ನು ಹೇಗೆ ಉಚ್ಚರಿಸಬೇಕು ಎಂದು ಯಂತ್ರಕ್ಕೆ ಕಲಿಸಿಕೊಡುವ ಒಂದು ಜಾಗ ಇರುತ್ತದೆ. ಅವರು ಮಲಗಿದಲ್ಲಿಂದ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಸಂಜೆ ಅಣ್ಣ ಡ್ಯೂಟಿ ಮುಗಿಸಿ ಬಂದು ಯೂನಿಫಾರಂ ಕೂಡ ಬಿಚ್ಚದೆ ಮಂಚದ ತುದಿಗೆ ಕೂತು, ತಾನು ಸುತ್ತಿದ ರೂಟುಗಳ ಊರುಗಳನ್ನು ಬಸ್ಸಿನ ಬಾಗಿಲಲ್ಲಿ ನಿಂತು ಕೂಗುವ ಧಾಟಿಯಲ್ಲೇ ಹೇಳುತ್ತಿದ್ದ: ಆಂದೋಲಾ, ಚೌಡಾಪುರ, ಅಫಜಲಪುರ. ಒಂದೊಂದನ್ನೂ ಯಂತ್ರಕ್ಕೆ ಕಲಿಸಿದೆವು. ಅದು ತಪ್ಪಿದರೆ ವೈನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಗು ನೋವಾಗುವವರೆಗೂ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅಷ್ಟು ನಗು ಇತ್ತು ಎಂದರೆ ಯಾರೂ ನಂಬುವುದಿಲ್ಲ.

ನಿಮ್ಮ ಹೆಸರನ್ನೂ ಕಲಿಸೋಣ ಎಂದು ಒಮ್ಮೆ ಅಂದೆ. ಬೇಡ ಅಂದರು. "ನನ್ನ ಹೆಸರ ಹಿಡಿದು ಯಾರ್ ಕರೀತಾರ. ನೀ ವೈನಿ ಅಂತಿ. ಅದೊಂದು ಸರಿ ಅಂದ್ರ ಸಾಕು."

ತೊಗರಿ ರಾಶಿಯ ಕಾಲದಲ್ಲಿ, ನಾನು ಶಾಲೆಯಲ್ಲಿದ್ದಾಗ ಅವರು ಹೋದರು. ಹೆಡ್‌ಮಾಸ್ತರರು ತಾವೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನನ್ನನ್ನು ಮನೆಗೆ ತಂದರು. ಅವ್ವ ವೈನಿಯ ಎಡಗೈ ಹಿಡಿದುಕೊಂಡು ಕೂತಿದ್ದಳು. ಬಂದವರು ಎಷ್ಟು ಹೇಳಿದರೂ ಬಿಡಲಿಲ್ಲ.

ಹೋದ ವರ್ಷ ಆ ಹಳೆಯ ಯಂತ್ರ ಕೈಕೊಟ್ಟಿತು. ಅಣ್ಣ ಹೊಸದು ತಂದ. ಹಾಕಿ ಹೊಂದಿಸಿ ಕೊಡುವವರನ್ನು ಕಲಬುರಗಿಯಿಂದ ಕರೆಸಲೇ ಎಂದು ಕೇಳಿದ. ನಾನೇ ಮಾಡುತ್ತೇನೆ ಅಂದೆ. ದನಿ ಎಬ್ಬಿಸಿದೆ, ಕನ್ನಡಕ್ಕೆ ತಿರುಗಿಸಿದೆ, ಬೀಗ ಹಾಕಿಕೊಳ್ಳುವುದನ್ನು ಬಿಡಿಸಿದೆ, ಫಾಂಟು ಹಾಕಿದೆ, ಪ್ರಿಂಟರಿಗೆ ಜೋಡಿಸಿದೆ. ಹಳೆಯದರಿಂದ ತೆಗೆದಿಟ್ಟುಕೊಂಡಿದ್ದ ಊರ ಹೆಸರುಗಳನ್ನೆಲ್ಲ ಹೊಸದಕ್ಕೆ ತಂದುಕೊಂಡೆ. ನಡುವೆ ಎಡವಿದೆ, ಬೈದೆ, ಸರಿಮಾಡಿದೆ. ಇದನ್ನು ಬರೆಯುತ್ತಿರುವುದು ಅದರಲ್ಲೇ.

ಈಚೆಗೆ ಅಣ್ಣನ ಬಸ್ಸಿಗೆ ಬರುವ ಒಬ್ಬರಿಂದ ಸುದ್ದಿ ತಿಳಿಯಿತು. ಅಫಜಲಪುರದಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆಗೆ ನೋಟ ಹೋಗುತ್ತಿದೆಯಂತೆ, ಕೆಲಸ ಬಿಡಬೇಕು ಅಂತಿದ್ದಾಳಂತೆ. ಭಾನುವಾರ ಅಣ್ಣನ ಬಸ್ಸಿನಲ್ಲೇ ಹೋದೆ. ಆಕೆಯ ಮನೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಹೊಂದಿಸುತ್ತ ಕೂತೆ. ಆಕೆ ಪಕ್ಕದಲ್ಲೇ ಕೂತಿದ್ದಳು. ದನಿ ಬಂದಾಗ ಬೆಚ್ಚಿ ನನ್ನ ತೋಳು ಹಿಡಿದಳು. ಅವಳು ಕೈ ಸಡಿಲಿಸುವವರೆಗೂ ಕಾದೆ. ಆಮೇಲೆ, ಇದು ಹೆಸರುಗಳನ್ನು ಕೆಡಿಸುತ್ತದೆ, ನಾವೇ ಕಲಿಸಬೇಕು, ಮೊದಲು ಯಾವುದನ್ನು ಕಲಿಸೋಣ ಎಂದು ಕೇಳಿದೆ.

ಆಕೆ ಮೆಲ್ಲಗೆ ತನ್ನ ಮಗಳ ಹೆಸರು ಹೇಳಿದಳು. ಅವಳ ಕೈಯನ್ನು ಕೀಲಿಗಳ ಮೇಲೆ ಇಟ್ಟು, ನೀನೇ ಟೈಪ್ ಮಾಡು ಅಂದೆ.