ನಾಲ್ಕನೇ ಅಕ್ಷತೆ ಕಾಳು

ನಾನು ಹಾಕಿದ್ದು ನಾಲ್ಕು ಅಕ್ಷತೆ ಕಾಳು. ಮೂರನ್ನು ಹೆಕ್ಕಿ ಪರ್ಸಿಗೆ ಹಾಕಿಕೊಂಡೆ. ನಾಲ್ಕನೆಯದು ಸಿಗಲಿಲ್ಲ.

ಆ ಒಂದು ಕಾಳಿನ ದೆಸೆಯಿಂದ ಈ ತಿಂಗಳು ನನಗೆ ಊಟ ಸರಿಯಾಗಿ ಸೇರಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಒಂದು ಮಾತೂ ಹೆಚ್ಚಿಲ್ಲ.

ಆಯುಧ ಪೂಜೆಯ ಶುಕ್ರವಾರ. ಆಫೀಸಿಗೆ ರಜೆ ಹಾಕಿದ್ದೆ. ಅಮೆರಿಕದ ಮೆಕಿನ್ನಿ ಊರಿನ ನಮ್ಮ ಮನೆ ಮುಂದೆ ಕಾರಿಗೆ ಪೂಜೆ ಮಾಡಿ, ಚಕ್ರದಡಿಯ ನಿಂಬೆಹಣ್ಣು ತುಳಿಸಿ, ಅದೇ ಕಾರಿನಲ್ಲಿ ಹ್ಯೂಸ್ಟನ್‌ಗೆ ಹೊರಟೆ. ಐದು ತಾಸು ಡ್ರೈವ್. ಅಲ್ಲಿನ ಒಂದು ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ನನ್ನ ತಂಗಿಯ ಮಗಳು ಅಶ್ವಿನಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಹುಬ್ಬಳ್ಳಿ ಹುಡುಗಿ.

ಆಗಸ್ಟಿನ ನೆರೆ ಇಳಿದು ತಿಂಗಳಾಗಿತ್ತು. ಅವಳು ಬಾಡಿಗೆಗಿರುವ, ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಬೀದಿಯಲ್ಲಿ ನೆನೆದ ಕಾರ್ಪೆಟ್ಟಿನ ರಾಶಿಗಳು ಇನ್ನೂ ಮನೆಗಳ ಮುಂದೆ ಬಿದ್ದಿದ್ದವು. ನೆರೆಯ ವಾರದಲ್ಲಿ ಅವಳು ಕುಡಿಯುವ ನೀರಿನ ಬಾಟಲಿಗೆ ಕ್ಯೂ ನಿಂತಿದ್ದಳು. ಅವಳು ಸಂಶೋಧನೆ ಮಾಡುವುದು ಯಾವುದರ ಮೇಲೆ ಗೊತ್ತೆ? ಕೊಳಕು ನೀರು ಸೋಸುವ ಹಾಳೆಯ ಮೇಲೆ.

ಲ್ಯಾಬಿನ ಬಾಗಿಲಲ್ಲೇ ಬೋರ್ಡಿತ್ತು. ಸಂದರ್ಶಕರು ಏನನ್ನೂ ಮುಟ್ಟಬಾರದು. ಓದಿದೆ. ಕಣ್ಣಿಗೆ ದಪ್ಪ ಕನ್ನಡಕ ಹಾಕಿಸಿ ಅಶ್ವಿನಿ ಒಳಗೆ ಕರೆದೊಯ್ದಳು.

ಫ್ರಿಜ್ಜಿನಷ್ಟು ಎತ್ತರದ, ಗಾಜಿನ ಬಾಗಿಲಿನ ಒಂದು ಯಂತ್ರ. ಒಳಗೊಂದು ಸಿರಿಂಜ್, ಅದರಲ್ಲಿ ಗಂಜಿಯಂಥ ದ್ರಾವಣ. ಹೈ ವೋಲ್ಟೇಜ್ ಕೊಟ್ಟರೆ ಸೂಜಿಯ ತುದಿಯ ಹನಿ ಎಳೆಯಾಗಿ ಹೊರಬರುತ್ತದೆ. ಕೂದಲು ಅದರ ಮುಂದೆ ಹಗ್ಗ! ಆ ಎಳೆಗಳು ತಿರುಗುವ ಡ್ರಮ್ಮಿಗೆ ಸುತ್ತಿಕೊಂಡು, ಹಾಲಿನ ಕೆನೆಯಂಥ ಬಿಳಿ ಹಾಳೆಯಾಗುತ್ತವೆ.

"ಸೋಸೂದು ಛಂದನ ಸೋಸ್ತದ ದೊಡ್ಡವ್ವಾ" ಎಂದಳು. "ಆದ್ರ ನಾಲ್ಕೇ ದಿನದಾಗ ಮ್ಯಾಲೆ ಕ್ರಿಮಿ ಬೆಳದು ಲೋಳಿ ಕಟ್ತದ. ಅದಕ್ಕ ಒಂದು ನ್ಯಾನೋ ಪುಡಿ ಕೂಡಿಸಿ ನೋಡ್ಲಿಕತ್ತೀನಿ. ಎರಡು ವರ್ಷ ಆತು, ಲೋಳಿ ಹಟ ಬಿಡವಲ್ದು, ನಾನೂ ಬಿಡವಲ್ಲೆ."

ಅಷ್ಟರಲ್ಲಿ ಗೈಡ್ ಕರೆದರೆಂದು ಹೊರಗೆ ಹೋದಳು. ಯಂತ್ರ ನಿಂತಿತ್ತು. ಬಾಗಿಲು ತೆರೆದಿತ್ತು. ಡ್ರಮ್ಮಿನ ಮೇಲೆ ಹೊಸ ಹಾಳೆ.

ಹುಡುಗಿ ಎರಡು ವರ್ಷದಿಂದ ಜೀವ ತೇಯ್ದ ಯಂತ್ರ. ಆಯುಧ ಪೂಜೆಯ ದಿನ. ಅದಕ್ಕೊಂದು ಹೂವಿಲ್ಲ, ಬೊಟ್ಟಿಲ್ಲ! ಬೊಟ್ಟಿಟ್ಟರೆ ಕಾಣುತ್ತದೆ. ಪರ್ಸಿನಲ್ಲಿ ಬೆಳಿಗ್ಗೆ ಅರಿಶಿನ ಹಾಕಿ ಕಲಸಿದ ಅಕ್ಷತೆಯ ಪೊಟ್ಟಣವಿತ್ತು. ನಾಲ್ಕು ಕಾಳು ತೆಗೆದು, ಡ್ರಮ್ಮಿನ ಮೇಲಿಂದ ಹಾಕಿ, ಕೈಮುಗಿದೆ. (ಮುಟ್ಟಲಿಲ್ಲವಲ್ಲ, ಹಾಕಿದ್ದಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.) ಹೆಜ್ಜೆ ಸದ್ದಾಯಿತು. ಗಡಿಬಿಡಿಯಲ್ಲಿ ಹೆಕ್ಕಿದೆ. ಮೂರು ಸಿಕ್ಕವು.

ಹತ್ತು ದಿನದ ಮೇಲೆ ಫೋನು. ಅಶ್ವಿನಿಯ ದನಿ ಕುಣಿಯುತ್ತಿತ್ತು.

"ದೊಡ್ಡವ್ವಾ, ಒಂದು ಹಾಳಿ ಮ್ಯಾಲೆ ಲೋಳಿನ ಇಲ್ಲ! ಎಲ್ಲಾ ಕಡೆ ಅಲ್ಲ, ಒಂದೇ ತುಂಡು, ಆದ್ರ ಕನ್ನಡಿ ಇದ್ದಂಗದ! ಸರ್ ಅಂತೂ ಭಾಳ ಖುಷ್. ಮುಂದಿನ ವಾರ ಕಮಿಟಿ ರಿವ್ಯೂಕ್ಕ ಇದ ಮೊದಲ್ನೇ ಸ್ಲೈಡ್. ಅವರು ಹೂಂ ಅಂದ್ರ ಥೀಸಿಸ್ ಬರೀಲಿಕ್ಕೆ ಕೂಡೂದ!"

"ಯಾವತ್ತಿನ ಹಾಳಿ?" ಎಂದೆ.

"ನೀವು ಬಂದಿದ್ರಲ್ಲ, ಆ ಶುಕ್ರವಾರದ್ದು. ನಿಮ್ಮ ಕಾಲ್ಗುಣ ನೋಡ್ರಿ!"

ನಾನು ನಗಲಿಲ್ಲ. ಮೊಣಕಾಲು ತರಚಿದರೆ ನಮ್ಮವ್ವ ಮೊದಲು ಕೈ ಹಾಕುತ್ತಿದ್ದುದು ಅರಿಶಿನದ ಡಬ್ಬಿಗೆ. ಗಾಯಕ್ಕೆ ಅರಿಶಿನ ಹಚ್ಚಿದರೆ ಕೀವಾಗುವುದಿಲ್ಲ ಎಂದು ತಿಳಿಯಲು ಪಿಎಚ್‌ಡಿ ಬೇಕೆ?

ಗಂಡನಿಗೆ ಹೇಳಿದೆ. ಅವರು ಟೀವಿಯಿಂದ ಕಣ್ಣು ಕೀಳಲಿಲ್ಲ. "ಸುಮ್ನಿರು ಮಾರಾಯ್ತಿ. ಹುಡುಗಿ ರಿಸಲ್ಟ್ ಛಲೋ ಬಂದದ, ನೀ ಯಾಕ ಕಲ್ಲು ಹಾಕ್ತಿ? ನಾಲ್ಕು ಕಾಳಿಗೆ ಏನಾಗ್ತದ?"

ಸುಮ್ಮನಿದ್ದೆ. ಒಂದು ದಿನವಲ್ಲ, ಎರಡು ದಿನ. ಇದನ್ನೂ ಬರೆಯಲೇಬೇಕು. ಆ ಎರಡು ದಿನ ನನ್ನನ್ನು ಕಾಡಿದ್ದು ವಿಜ್ಞಾನವಲ್ಲ, ಸ್ಟಾಫರ್ಡ್‌ನ ಆ ಕಾರ್ಪೆಟ್ಟಿನ ರಾಶಿ. ಇಂಥದ್ದೊಂದು ಹಾಳೆಯನ್ನು ನಂಬಿ ಯಾರೋ ನೆರೆಯ ನೀರು ಕುಡಿದರೆ?

ಮೂರನೇ ದಿನ ಊಟದ ಬ್ರೇಕಿನಲ್ಲಿ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಫೋನ್ ಮಾಡಿದೆ. ಹೇಳಿದೆ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಎಷ್ಟು ಕಾಳು?"

"ನಾಲ್ಕು."

"ಒಣಾವ ಇದ್ದೂ, ಹಸೀವ ಇದ್ದೂ?"

"ಒಣಾವ. ಪುಡಿ ಉದುರ್ತಿತ್ತು."

"ಎಷ್ಟು ಎತ್ತರದಿಂದ ಹಾಕಿದ್ರಿ? ಎಡಕ್ಕೋ, ಬಲಕ್ಕೋ?"

"ಒಂದು ಗೇಣು. ಎಡಕ್ಕ."

"ಎಷ್ಟು ವಾಪಸ್ ತಗೊಂಡ್ರಿ?"

"ಮೂರು."

ಪೆನ್ನಿನ ಸದ್ದು ಕೇಳಿಸುತ್ತಿತ್ತು. ಅವಳು ಬರೆದುಕೊಳ್ಳುತ್ತಿದ್ದಳು.

ಸಂಜೆ ಫೋಟೋ ಕಳಿಸಿದಳು. ಕತ್ತಲ ಕೋಣೆಯಲ್ಲಿ ಯುವಿ ದೀಪ ಹಿಡಿದು ತೆಗೆದದ್ದು. ಹಾಳೆಯ ಎಡ ಮೂಲೆಯಲ್ಲಿ ಅರಿಶಿನ ಪುಡಿಯ ಹಳದಿ ಚುಕ್ಕೆಗಳು ನಕ್ಷತ್ರದ ಹಾಗೆ ಹೊಳೆಯುತ್ತಿದ್ದವು. ಎರಡನೇ ಫೋಟೋದಲ್ಲಿ ಡ್ರಮ್ಮಿನ ಹಿಂದಿನ ಸಂದು. ಅಲ್ಲಿತ್ತು, ನನ್ನ ನಾಲ್ಕನೇ ಕಾಳು.

ಅಲ್ಲಿಗೂ ಅವಳು ನಿಲ್ಲಿಸಲಿಲ್ಲ. ಅದೇ ದ್ರಾವಣದಿಂದ ಮತ್ತೆರಡು ಹಾಳೆ ಮಾಡಿದಳು. ಒಂದಕ್ಕೆ ಅರಿಶಿನ ಉದುರಿಸಿದಳು, ಇನ್ನೊಂದಕ್ಕೆ ಇಲ್ಲ. ನಾಲ್ಕನೇ ದಿನ ಅರಿಶಿನದ್ದು ಸ್ವಚ್ಛ. ಅವಳ ನ್ಯಾನೋ ಪುಡಿ ಮಾತ್ರ ಇದ್ದದ್ದಕ್ಕೆ ಎಂದಿನಂತೆ ಲೋಳೆ. ಎರಡು ವರ್ಷದ ಪುಡಿ, ಕೆಲಸ ಮಾಡಿರಲೇ ಇಲ್ಲ.

ರಿವ್ಯೂ ದಿನ ಮೊದಲ ಸ್ಲೈಡಿನಲ್ಲೇ ಇದೆಲ್ಲವನ್ನೂ ಹಾಕಿದಳಂತೆ. ಕಮಿಟಿಯವರು ಮೊದಲು ನಕ್ಕರು. ನಿನ್ನ ದೊಡ್ಡಮ್ಮನ ಪುಡಿಯೇ ನಿನ್ನದಕ್ಕಿಂತ ಚೆನ್ನಾಗಿದೆಯಲ್ಲ ಎಂದು ಗೈಡ್ ಕಾಲೆಳೆದರು. ಆಮೇಲೆ ಲ್ಯಾಬಿನ ಪುಸ್ತಕ ತರಿಸಿ, ಪ್ರತಿ ಪುಟ ತಿರುವಿ ನೋಡಿದರು. ಥೀಸಿಸ್‌ಗೆ ಒಪ್ಪಿಗೆ ಸಿಗಲಿಲ್ಲ. ಇನ್ನೊಂದು ಸೆಮಿಸ್ಟರ್ ಕೆಲಸ ಮಾಡು ಎಂದರು.

ಫೋನಿನಲ್ಲಿ ನಾನು ಅತ್ತೆ. ಅವಳೇ ಸಮಾಧಾನ ಮಾಡಿದಳು. "ಒಂದು ಸೆಮಿಸ್ಟರ್ ಹೋದ್ರ ಹೋಗ್ಲಿ ಬಿಡ್ರಿ ದೊಡ್ಡವ್ವಾ. ನೀವು ಹೇಳದಿದ್ರ ನಾ ಸುಳ್ಳು ಹಾಳಿ ಹಿಡಕೊಂಡು ಡಾಕ್ಟರ್ ಆಗ್ತಿದ್ದೆ. ಅಂಥಾ ಡಾಕ್ಟರ್ ಕೈಯಾಗಿನ ನೀರು ನೀವು ಕುಡೀತಿದ್ರೇನು?"

ನಮ್ಮಲ್ಲಿ ಹೆಣ್ಣುಮಕ್ಕಳು ಓದಿ ಮುಂದೆ ಬಂದರೆ ಊರಿಗೆಲ್ಲ ಪೇಢೆ ಹಂಚುತ್ತೇವೆ. ಈ ಸಲವೂ ನಾನು ಹಂಚಿದೆ. ಆಫೀಸಿನಲ್ಲಿ, ಹತ್ತಿರದ ಊರು ಲಿಟಲ್ ಎಲ್ಮ್‌ನ ಗೆಳತಿಯರ ಮನೆಗಳಲ್ಲಿ. ಏನು ವಿಶೇಷ ಎಂದರು ಎಲ್ಲರೂ. ನಮ್ಮ ಅಶ್ವಿನಿ ರಿವ್ಯೂದಲ್ಲಿ ಫೇಲಾದಳು ಎಂದೆ. ನನಗೇನೋ ಆಗಿದೆ ಎಂದುಕೊಂಡರು. ಪೇಢೆ ಮಾತ್ರ ತಿಂದರು.

ಮೊನ್ನೆ ಅವಳು ಲ್ಯಾಬಿನ ಬಾಗಿಲಿನ ಫೋಟೋ ಕಳಿಸಿದ್ದಾಳೆ. ಸಂದರ್ಶಕರು ಏನನ್ನೂ ಮುಟ್ಟಬಾರದು ಎಂಬುದರ ಕೆಳಗೆ ಹೊಸದೊಂದು ಸಾಲು ಅಂಟಿಸಿದ್ದಾರೆ: ಯಾವ ಪುಡಿಯನ್ನೂ ತರಬಾರದು, ದೇವರದ್ದಾದರೂ ಸರಿ.

ಅಮೆರಿಕದ ಯೂನಿವರ್ಸಿಟಿಯೊಂದರ ನಿಯಮದಲ್ಲಿ ನನ್ನದೂ ಒಂದು ಸಾಲಿದೆ. ನಾಚಿಕೊಳ್ಳಲೋ, ಫ್ರೇಮ್ ಹಾಕಿಸಲೋ?